ಹೊಸ್ತಿಲಾಚೆಯ ಉತ್ತರ

ಕೊಗನೊಳ್ಳಿ

ಪರದೇಶಕ್ಕೆ ಹೊರಟವನ ಮುಖ ಹೇಗಿರಬೇಕೋ ನನಗೆ ತಿಳಿಯದು. ನನ್ನದಂತೂ ಕೊಗನೊಳ್ಳಿಯ ಟೋಲ್ ನಾಕಾದಲ್ಲೇ ಬಾಡಿಹೋಗಿತ್ತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದರ ಹಿಂದೆ ಇನ್ನೊಂದು, ಅದರ ಹಿಂದೆ ನಮ್ಮ ಬಾಡಿಗೆ ಕಾರು. ಡ್ರೈವರ್ ಮರಾಠಿಯಲ್ಲಿ ಟೋಲಿನವನ ಜೊತೆ ಜಗಳ ಶುರು ಮಾಡಿ, ಅರ್ಧದಲ್ಲಿ ಕನ್ನಡಕ್ಕೆ ಬಂದು, ಬೈಗುಳಕ್ಕೆ ಮಾತ್ರ ಮತ್ತೆ ಮರಾಠಿಗೆ ಹೋದ. ಮುಂಬಯಿ ಮುಟ್ಟುವಷ್ಟರಲ್ಲಿ ಇನ್ನೆಷ್ಟು ಜಗಳ ಕೇಳಬೇಕೋ ಎಂದು ನಾನು ಕಣ್ಣು ಮುಚ್ಚಿದೆ.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವವನು. ವಯಸ್ಸು ಐವತ್ತಮೂರು, ಎಡ ಮೊಣಕಾಲಿಗೆ ಅದಕ್ಕಿಂತ ಹತ್ತು ವರ್ಷ ಹೆಚ್ಚು. ಪಾಠದ ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಮೂರು ತಿಂಗಳಿಗೊಮ್ಮೆ ಮನೆ ಮನೆಗೆ ಹೋಗಿ, ಬರುವ ದಿನಗಳು ಹೇಗಿರಬಹುದೆಂದು ಜನರನ್ನು ಕೇಳಿಸುವುದು. ಉತ್ತರಗಳು ಒಂದು ಸಂಶೋಧನಾ ಗುಂಪಿಗೆ ಹೋಗುತ್ತವೆ. ಅಲ್ಲಿಂದ ಕೇಂದ್ರ ಬ್ಯಾಂಕುಗಳಲ್ಲಿ ಕೂತು ನಾಳೆಯ ಲೆಕ್ಕ ಹಾಕುವವರ ಮೇಜಿಗೆ. ಹಳ್ಳಿಯ ಮನೆಯ ಆಸೆ ಕುಸಿದರೆ ಸಾಲದ ಕಂತುಗಳೂ ಮುಂದೆ ತಪ್ಪುತ್ತವೆ, ಅದನ್ನು ಮೊದಲೇ ಹಿಡಿಯಬಹುದು ಎಂಬುದು ನನ್ನ ಪ್ರಬಂಧದ ಸಾರ. ಆ ಪ್ರಬಂಧವನ್ನು ಓದಲು ಪೋರ್ಚುಗಲ್ಲಿನ ಪೋರ್ತೊ ಎಂಬ ಊರಿಗೆ ಕರೆ ಬಂದಿತ್ತು. ಅಲ್ಲಿ ಹಲವು ದೇಶಗಳ ಬ್ಯಾಂಕ್ ಸಂಶೋಧಕರು ಸೇರುವವರಿದ್ದರು. ಪ್ರಬಂಧ ಅವರಿಗೆ ಒಪ್ಪಿಗೆಯಾದರೆ ನಮ್ಮ ಸಮೀಕ್ಷೆಗೆ ಇನ್ನೆರಡು ವರ್ಷ ಜೀವ, ಇಲ್ಲವಾದರೆ ಗಂಟುಮೂಟೆ.

ಹೆಂಡತಿ ಶೈಲಾ ಮನೆಯೊಳಗೆ ಇದ್ದಷ್ಟು ಹೊತ್ತು, "ಎಲ್ಲಾ ಇಟ್ಟೀನ್ರಿ, ನೀವೇನೂ ಕಾಳಜಿ ಮಾಡಬ್ಯಾಡ್ರಿ" ಎನ್ನುತ್ತಲೇ ಇದ್ದಳು. ಕಾರು ಚಾಲೂ ಆದ ಮೇಲೆ ಕಿಟಕಿಯ ಹತ್ತಿರ ಬಂದು, "ನಿಮ್ಮ ಸ್ವೆಟರ್ ಸಿಗಲಿಲ್ಲ ನೋಡ್ರಿ. ನನ್ನ ಶಾಲು ಇಟ್ಟೀನಿ. ಹೂವಿಂದು ಐತಿ, ಹೂವು ಒಳಗ ಬರೂಹಂಗ ಮಡಚಿ ಹೊಚ್ಕೋರಿ" ಎಂದಳು. ಈಗ ಹೇಳ್ತೀಯಲ್ಲ ಮಾರಾಯ್ತಿ ಎಂದು ಸಿಡುಕಿದೆ. ಹೊರಟು ನಿಂತವನ ಎದುರು ಮನೆಯೊಳಗೆ 'ಇಲ್ಲ' ಎಂಬ ಮಾತು ಆಡಬಾರದು, ಅದು ನಮ್ಮ ಕಡೆಯ ರಿವಾಜು. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು.

ಪೋರ್ತೊ, ಮೊದಲ ದಿನ

ವಿಮಾನದ ಬಗ್ಗೆ ಹೇಳುವುದೇನೂ ಇಲ್ಲ. ಕೂತೆ, ಕಾಲು ಬಾತವು, ಇಳಿದೆ. ಪೋರ್ತೊದಲ್ಲಿ ಜಿನುಗು ಮಳೆ ಮತ್ತು ಏರು. ಊರೆಲ್ಲ ಏರೇ. ಎಲ್ಲಿಗೆ ದಾರಿ ಕೇಳಿದರೂ ಜನ ಕೈ ಮೇಲೆತ್ತಿ ತೋರಿಸುತ್ತಾರೆ. ನಿಪ್ಪಾಣಿಯಲ್ಲಿ ಕೊಂಡ ಹೊಸ ಬೂಟು ಎರಡನೇ ತಿರುವಿನಲ್ಲೇ ಹಿಮ್ಮಡಿ ಕಚ್ಚಿತು. ಗೋಡೆಗಳಿಗೆ ನೀಲಿ ಹೂವಿನ ಹಂಚು, ಬಾಲ್ಕನಿಗಳಲ್ಲಿ ಒಣಗದ ಬಟ್ಟೆ. ಮಳೆಯಲ್ಲಿ ಯಾಕೆ ಒಣಹಾಕುತ್ತಾರೋ ಪುಣ್ಯಾತ್ಮರು ಎಂದುಕೊಂಡು ಕುಂಟುತ್ತ ಹತ್ತಿದೆ.

ನಾನು ಇಳಿದುಕೊಂಡದ್ದು ಅಮೇಲಿಯಾ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಒಂಟಿ ಹೆಂಗಸು, ಕೆಂಪು ಗಲ್ಲ, ಗಟ್ಟಿ ದನಿ. ಬಾಗಿಲು ತೆರೆದ ಕೂಡಲೇ ನನ್ನ ಹೂವಿನ ಶಾಲನ್ನು ಬೆರಳಿನಿಂದ ಮುಟ್ಟಿ, ಮೆಚ್ಚಿ, ಏನೋ ಹೇಳಿದಳು. ಅವಳಿಗೆ ಇಂಗ್ಲಿಷ್ ಚೂರುಪಾರು. ಹೇಗಿದ್ದೀರಿ ಎಂದು ಉಪಚಾರಕ್ಕೆ ಕೇಳಿದೆ. ಕೈಯನ್ನು ಗಾಳಿಯಲ್ಲಿ ಆಚೆ ಈಚೆ ತೂಗಿ, ನಿಟ್ಟುಸಿರು ಬಿಟ್ಟು, "ಏನೋ, ಸಾಗ್ತಾ ಇದೆ" ಎಂದಳು. ಪಾಪ, ಏನು ಕಷ್ಟವೋ ಎಂದು ನನಗೆ ಮರುಕ ಬಂತು.

ಆ ಮರುಕ ಊಟದ ತನಕ ಬಾಳಿತು. ಅವಳು ಹಾಡುತ್ತ ಅಡಿಗೆ ಮಾಡಿದಳು, ಎರಡು ಬಟ್ಟಲು ಸೂಪು ಕುಡಿದಳು, ಫೋನಿನಲ್ಲಿ ಯಾರೊಡನೆಯೋ ಹೊಟ್ಟೆ ಹಿಡಿದು ನಕ್ಕಳು. ನಾನು ಸಸ್ಯಾಹಾರಿ ಎಂದು ಮೂರು ಸಲ ಹೇಳಿದ್ದರಿಂದ ನನಗೆ ಹಸಿರು ಸೊಪ್ಪಿನ ಸೂಪು ಬಂತು. ಹಸಿವಾಗಿತ್ತು, ಚೆನ್ನಾಗಿಯೂ ಇತ್ತು. ತಳದಲ್ಲಿ ಚಮಚಕ್ಕೆ ಒಂದು ಬಿಲ್ಲೆ ಮಾಂಸ ಸಿಕ್ಕಿತು. ಕೈ ನಿಂತಿತು. "ಒಂದೇ ಒಂದು!" ಎಂದು ಅಮೇಲಿಯಾ ಬೆರಳೆತ್ತಿ ತೋರಿಸಿದಳು. ರುಚಿಗೆ ಹಾಕಿದ್ದಂತೆ, ಅದು ಲೆಕ್ಕಕ್ಕಿಲ್ಲವಂತೆ. ಕೋಣೆಗೆ ಬಂದು ಶೈಲಾ ಕಟ್ಟಿದ ಕಟಕ್ ರೊಟ್ಟಿಯ ಡಬ್ಬಿ ತೆರೆದೆ. ರೊಟ್ಟಿ ಪ್ರಯಾಣದಲ್ಲಿ ಪುಡಿಪುಡಿಯಾಗಿತ್ತು. ಶೇಂಗಾ ಚಟ್ನಿ ಕಲೆಸಿ, ಬೊಗಸೆಯಲ್ಲಿ ತಿಂದು ಮಲಗಿದೆ.

ಪೋರ್ತೊ, ಎರಡನೇ ದಿನ

ಸಭೆ ನಡೆದದ್ದು ನದಿಯ ದಂಡೆಯ ಹಳೆಯ ಗೋದಾಮೊಂದನ್ನು ಚೊಕ್ಕ ಮಾಡಿದ ಸಭಾಂಗಣದಲ್ಲಿ. ಬೆಳಗಿನಿಂದ ಸಂಜೆಯ ತನಕ ಗೆರೆಗಳು. ಏರುವ ಗೆರೆ, ಇಳಿಯುವ ಗೆರೆ, ಬೀಸಣಿಗೆಯಂತೆ ಬಿಚ್ಚಿಕೊಂಡು ಯಾವ ಕಡೆಗೂ ಹೋಗಬಹುದಾದ ಗೆರೆ. ಎಲ್ಲರೂ ಮುಂದಿನ ಆಪತ್ತನ್ನು ಮೆತ್ತಗಿನ ದನಿಯಲ್ಲಿ ವಿವರಿಸಿದರು. ನಮ್ಮ ಪಂಚಾಂಗದವರಾದರೂ ಇದಕ್ಕಿಂತ ಗಟ್ಟಿಯಾಗಿ ಹೇಳುತ್ತಾರೆ ಎಂದು ನಾನು ಆಕಳಿಸಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನಕ್ಕಳು.

ಅವಳ ಹೆಸರು ತೆರೇಸಾ. ಅಲ್ಲಿಯವಳೇ, ಜನ ತಮ್ಮ ನಾಳೆಯ ಬಗ್ಗೆ ಏನು ಹೇಳುತ್ತಾರೆಂಬುದನ್ನೇ ಹಲವು ವರ್ಷಗಳಿಂದ ಅಭ್ಯಾಸ ಮಾಡಿದವಳು. ಚಹಾದ ಹೊತ್ತಿಗೆ ಅಮೇಲಿಯಾಳ 'ಸಾಗ್ತಾ ಇದೆ'ಯ ಕಥೆ ಹೇಳಿದೆ. ಅವಳು ಚಹಾ ಚೆಲ್ಲುವಷ್ಟು ನಕ್ಕಳು. "ನಮ್ಮ ಜನ ಯಾವತ್ತೂ ಚೆನ್ನಾಗಿದೆ ಅನ್ನುವುದಿಲ್ಲ. ಮಗನ ಮದುವೆಯ ದಿನ ಕೇಳಿದರೂ ಸಾಗ್ತಾ ಇದೆ ಅಂತಾರೆ. ಚೆನ್ನಾಗಿದೆ ಅಂದವನನ್ನು ಜಂಬದವನು ಅಂದುಕೊಳ್ಳುತ್ತಾರೆ" ಎಂದಳು. ಹಾಗಾದರೆ ಇಂಥವರ ಉತ್ತರ ನಂಬಿ ನಾಳೆಯ ಲೆಕ್ಕ ಹೇಗೆ ಹಾಕುತ್ತೀರಿ ಎಂದೆ. "ಗೊಣಗಾಟ ಎಷ್ಟು, ನಿಜವಾದ ಕಷ್ಟ ಎಷ್ಟು ಅಂತ ಬೇರೆ ಮಾಡಬೇಕು. ಅದು ನಮಗೆ ಕೂತಲ್ಲಿ ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಕೇಳುವವರಿಗೆ ಗೊತ್ತಿರುತ್ತದೆ. ಅವರು ಪಕ್ಕದಲ್ಲಿ ಏನಾದರೂ ಗೀಚಿದ್ದರೆ ನಾನು ಅದನ್ನೇ ಮೊದಲು ಓದುತ್ತೇನೆ" ಎಂದಳು. ಆಮೇಲೆ ಸಹಜವಾಗಿ ಕೇಳಿದಳು, "ನಿಮ್ಮವರು ಏನು ಗೀಚುತ್ತಾರೆ?"

ಏನೂ ಇಲ್ಲ, ನಮ್ಮ ಫಾರ್ಮುಗಳು ಸ್ವಚ್ಛ ಎಂದುಬಿಟ್ಟೆ. ಹೇಳಿದವನೇ ಅವಳ ಕಣ್ಣು ತಪ್ಪಿಸಿ ಇನ್ನೊಂದು ಕಪ್ಪು ಚಹಾ ತರಲು ಎದ್ದೆ.

ದೋರು ಕಣಿವೆ

ಮೂರನೆಯ ದಿನ ಸಭೆಗೆ ಬಿಡುವು. ನಮ್ಮನ್ನೆಲ್ಲ ರೈಲಿನಲ್ಲಿ ಕೂರಿಸಿ ದೋರು ನದಿಯ ಕಣಿವೆಗೆ ದ್ರಾಕ್ಷಿ ತೋಟ ತೋರಿಸಲು ಕರೆದೊಯ್ದರು. ಅಥಣಿ, ಕಾಗವಾಡದ ದ್ರಾಕ್ಷಿ ನೋಡಿದವನಿಗೆ ಅದೊಂದು ಸಂಕಟ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲು ಕಡಿದು, ಕಲ್ಲಿನ ಒಡ್ಡು ಕಟ್ಟಿ, ಅದರ ಮೇಲೆ ಕರಿಯ ಮೋಟು ಬಳ್ಳಿಗಳು. ಒಂದು ಎಲೆಯಿಲ್ಲ. ಚಳಿಗಾಲದಲ್ಲಿ ಹೀಗೇ ಇರುತ್ತವಂತೆ. ಅದೇ ಹೊತ್ತಿಗೆ ನಮ್ಮಲ್ಲಿ ಹಣ್ಣು ಕಡಿದು, ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಮನೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಿರುತ್ತಾರೆ. ಇವರು ಹಿಂಡುತ್ತಾರೆ, ನಾವು ಒಣಗಿಸುತ್ತೇವೆ. ರುಚಿ ನೋಡಿ ಎಂದು ಎಲ್ಲರಿಗೂ ಸಣ್ಣ ಗ್ಲಾಸಿನಲ್ಲಿ ವೈನು ಕೊಟ್ಟರು. ನಾನು ಒಲ್ಲೆ ಎಂದೆ. ಕೊಟ್ಟವನಿಗೆ ನನಗಿಂತ ಹೆಚ್ಚು ಬೇಸರವಾಯಿತು.

ಆ ಮೋಟು ಬಳ್ಳಿಗಳ ಎದುರು ಕೂತಾಗ ಮಹಾದೇವಿಯನ್ನು ಮರೆಯಲು ಆಗಲಿಲ್ಲ. ಇಲ್ಲಿ ಅವಳ ವಿಷಯ ಹೇಳಲೇಬೇಕು.

ಮಹಾದೇವಿ ಕಾಗವಾಡ ತಾಲೂಕಿನಲ್ಲಿ ನಮಗಾಗಿ ಮನೆ ಮನೆ ತಿರುಗುತ್ತಿದ್ದವಳು. ಬಿ.ಎ. ಓದಿದ ಸಂಸಾರಸ್ಥೆ, ಮೂವತ್ತೈದರ ಆಸುಪಾಸು. ಬಿಸಿಲಿರಲಿ ಮಳೆಯಿರಲಿ ಒಂದು ಮನೆ ಬಿಟ್ಟವಳಲ್ಲ. ಅವಳ ಒಂದೇ ದೋಷವೆಂದರೆ ಫಾರ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು. 'ಬರುವ ಮೂರು ತಿಂಗಳು ಹೇಗಿರಬಹುದು?' ಎಂಬ ಪ್ರಶ್ನೆಗೆ 'ಉತ್ತಮ' ಎಂದು ಗುರುತು ಹಾಕಿರುತ್ತಿದ್ದಳು. ಪಕ್ಕದಲ್ಲಿ ಸಣ್ಣಗೆ, 'ಹೊರಗ ಬಂದು ಹೇಳಿದ್ರು: ಎಮ್ಮಿ ಮಾರತೀವಿ.' ಇನ್ನೊಂದರಲ್ಲಿ, 'ಹೊಸ್ತಲಾ ದಾಟಿದ ಮ್ಯಾಲ ಹೇಳಿದ್ರು: ಮಗಳ ಕಾಲೇಜ್ ಬಿಡಸ್ತೀವಿ.' ಫಾರ್ಮಿಗೆ ಫಾರ್ಮೇ ಹೀಗೆ. ಕಂಪ್ಯೂಟರಿಗೆ ಹಾಕುವವರು ತಲೆ ಕೆರೆದುಕೊಂಡರು. ಹೋದ ತಿಂಗಳು ನಾನು ಅವಳನ್ನು ಕಾಲೇಜಿಗೆ ಕರೆಸಿದೆ.

"ಇದೇನ್ರಿ ಮಹಾದೇವಿ, ಎರಡೆರಡು ಉತ್ತರ?"

"ಒಳಗ ಹೇಳಿದ್ದು ಬಾಕ್ಸ್‌ನ್ಯಾಗ ಬರದೀನ್ರಿ ಸರ್. ಹೊರಗ ಹೇಳಿದ್ದು ಬಾಜೂಕ ಬರದೀನಿ. ಎರಡೂ ಅವರ ಹೇಳಿದ್ದ."

"ಫಾರ್ಮ್ ಮುಚ್ಚಿದ ಮ್ಯಾಲ ಆಡಿದ್ದು ಹರಟಿ. ಹರಟಿ ಡೇಟಾ ಅಲ್ಲ."

"ಸರ್, ನೀವೂ ಇದ ಭಾಗದವ್ರು. ದೇವರ ಜಗಲಿ ಮುಂದ ಕುಂತು, ಕಾಗದದ ಮ್ಯಾಲ ಯಾರರ ಕೆಟ್ಟದ್ದು ಬರಸ್ತಾರೇನ್ರಿ? ಒಳಗ ಎಲ್ಲಾರೂ ಛಲೋ ಐತಿ ಅಂತಾರ. ಕಳಸಾಕ ಹೊರಗ ಬಂದಾಗ ಕೈ ಹಿಡದು ಖರೇ ಹೇಳ್ತಾರ."

ಅವಳು ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿಯೇ? ಅವ್ವನ ತೊಡೆಯ ಮೇಲೆ ಬೆಳೆದವನಿಗೆ ಗೊತ್ತಿತ್ತು. ಆದರೆ ಪ್ರಬಂಧ ಬರೆಯುವಾಗ ನಾನು ಊರಿನವನಾಗಿರಲಿಲ್ಲ, ಪ್ರೊಫೆಸರ್ ಆಗಿದ್ದೆ. ಶಿಸ್ತು ಮುರಿದಳೆಂದು ಅವಳನ್ನು ಕೆಲಸದಿಂದ ತೆಗೆದೆ. ಅಂಚಿನ ಮಾತುಗಳಿಗೆಲ್ಲ ಕೆಂಪು ಪೆನ್ನಿನಿಂದ ನಾನೇ ಕೂತು ಕಾಟು ಹೊಡೆದೆ. ಐದೂ ತಾಲೂಕಿನ ಆಸೆಯ ಗೆರೆ ಚೆಂದವಾಗಿ ಮೇಲೇರಿತು. ಕಂತು ತಪ್ಪಿಸಿದವರ ಗೆರೆಯೂ ಅದರ ಜೊತೆಗೇ ಏರಿತ್ತು. ಹಾಗೆ ಆಗಬಾರದಿತ್ತು. ಅದಕ್ಕೆ ನಾನು 'ಹವಾಮಾನದಿಂದಾದ ಅಪವಾದ' ಎಂದು ಅಡಿಟಿಪ್ಪಣಿ ಬರೆದು ಕೈ ತೊಳೆದುಕೊಂಡೆ.

ಮರಳುವ ರೈಲಿನಲ್ಲಿ ತೆರೇಸಾಳ ಎದುರು ಕೂತೆ. ಸುಸ್ತಾಗಿತ್ತು, ಸುಳ್ಳು ಹೊತ್ತುಕೊಂಡು ತಿರುಗುವ ತ್ರಾಣವೂ ಇರಲಿಲ್ಲ. ಎಲ್ಲ ಹೇಳಿದೆ. ಅವಳು ಕಿಟಕಿಯಾಚೆ ನದಿ ನೋಡುತ್ತ ಕೇಳಿಸಿಕೊಂಡಳು. "ನಾಳೆ ನೀವು ಓದಿದ್ದನ್ನು ಇಲ್ಲಿಯವರು ನಂಬುತ್ತಾರೆ. ನಿಮ್ಮ ಜಿಲ್ಲೆಯ ಮನೆಗಳಲ್ಲಿ ಎಲ್ಲ ಚೆನ್ನಾಗಿದೆ ಅಂತ ಬರೆದುಕೊಂಡು ಹೋಗುತ್ತಾರೆ. ಆಮೇಲೆ ಆ ಮನೆಗಳ ಕಡೆ ಯಾರೂ ನೋಡುವುದಿಲ್ಲ" ಎಂದಳು. ಅಷ್ಟೇ. ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ.

ಪೋರ್ತೊ, ನಾಲ್ಕನೇ ದಿನ

ಸಭಾಂಗಣದಲ್ಲಿ ಚಳಿ. ಶಾಲು ಹೊದ್ದೇ ವೇದಿಕೆ ಹತ್ತಿದೆ, ಹೂವು ಒಳಗೆ ಬರುವಂತೆ ಮಡಚುವ ವ್ಯವಧಾನವೂ ಉಳಿದಿರಲಿಲ್ಲ. ಪ್ರಬಂಧ ಓದುತ್ತ ಓದುತ್ತ ನನ್ನ ದನಿ ನನಗೇ ಬೇರೆಯವರದು ಎನ್ನಿಸಿತು. ಮುಗಿಸಿದೆ. ಚಪ್ಪಾಳೆಯಾಯಿತು. ಮೂರನೇ ಸಾಲಿನಿಂದ ಬೋಳುತಲೆಯವನೊಬ್ಬ ಎದ್ದು, "ಎರಡು ಸುತ್ತಿನಲ್ಲಿ ಆಸೆಯೂ ಏರಿದೆ, ತಪ್ಪಿದ ಕಂತೂ ಏರಿದೆ. ಯಾಕೆ?" ಎಂದು ಕೇಳಿದ.

ಹವಾಮಾನ ಎಂದರೆ ಮುಗಿಯುತ್ತಿತ್ತು. ಎರಡು ವರ್ಷದ ಸಮೀಕ್ಷೆ, ಪ್ರಬಂಧದ ಮೇಲೆ ನನ್ನ ಹೆಸರು, ಕಾಲೇಜಿನಲ್ಲಿ ಒಂದು ಸನ್ಮಾನ, ಎಲ್ಲ ಕೈಗೆ ಬರುತ್ತಿದ್ದವು. ನೀರು ಕುಡಿದೆ.

"ಜನ ಎರಡು ಉತ್ತರ ಕೊಟ್ಟಿದ್ದರು" ಎಂದೆ. "ಮನೆಯೊಳಗೆ ಒಂದು, ಹೊಸ್ತಿಲ ಆಚೆ ಒಂದು. ಆಚೆಯದು ನಿಜವಾದದ್ದು. ಅದನ್ನು ಬರೆದುಕೊಂಡು ಬಂದ ಹೆಂಗಸನ್ನು ನಾನು ಕೆಲಸದಿಂದ ತೆಗೆದೆ. ಬರೆದದ್ದನ್ನು ಅಳಿಸಿದೆ. ಈ ಗೆರೆ ತಪ್ಪು. ದಯವಿಟ್ಟು ಇದನ್ನು ಉಪಯೋಗಿಸಬೇಡಿ."

ಗುಡುಗು ಸಿಡಿಲು ಏನೂ ಆಗಲಿಲ್ಲ. ಅಧ್ಯಕ್ಷತೆ ವಹಿಸಿದ್ದವರು ಕನ್ನಡಕ ತೆಗೆದು ಒರೆಸಿ, ಪ್ರಬಂಧವನ್ನು ಹಿಂಪಡೆಯಲಾಗಿದೆ ಎಂದು ಬರೆದುಕೊಂಡು, ಮುಂದಿನವರನ್ನು ಕರೆದರು. ಚಹಾದ ಹೊತ್ತಿಗೆ ಜನ ನನ್ನನ್ನು ಸುತ್ತು ಬಳಸಿ ಹೋದರು. ಬೋಳುತಲೆಯವನು ಮಾತ್ರ ಹತ್ತಿರ ಬಂದು, ಶಾಲು ಎಲ್ಲಿ ಸಿಗುತ್ತದೆ, ತನ್ನ ಹೆಂಡತಿಗೆ ಬೇಕಿತ್ತು ಎಂದ. ಹೆಂಡತಿಯದೇ ಎಂದು ಹೇಳಲು ನಾಚಿಕೆಯಾಗಿ, ನಿಪ್ಪಾಣಿಯಲ್ಲಿ ಎಂದೆ.

ಮಧ್ಯಾಹ್ನವೇ ನಮ್ಮ ಸಂಶೋಧನಾ ಗುಂಪಿನ ಮುಖ್ಯಸ್ಥರಿಂದ ಇಮೇಲ್ ಬಂತು. ಸಿಟ್ಟು ಸಾಲುಗಳ ನಡುವೆ ಇತ್ತು. ಕಾಗವಾಡದ ಮನೆಗಳಿಗೆ ಮತ್ತೆ ಹೋಗಿ ಒಂದು ಸುತ್ತು ಕೇಳಿಸಿರಿ, ಆಮೇಲೆ ಸಮೀಕ್ಷೆ ಇರಬೇಕೋ ಮುಚ್ಚಬೇಕೋ ನೋಡೋಣ ಎಂದಿದ್ದರು. ನದಿಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತು ಮಹಾದೇವಿಗೆ ಫೋನ್ ಹಚ್ಚಿದೆ. ಅಲ್ಲಿ ಸಂಜೆಯಾಗಿತ್ತು.

"ಅಯ್ಯ, ಪರದೇಶದಿಂದ ಹಚ್ಚೀರೇನ್ರಿ ಸರ್?" ಎಂದಳು. ಈಗ ಉಗಾರ ಖುರ್ದದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಿದ್ದೇನೆ ಎಂದಳು. ನಾನು ತಪ್ಪಾಯಿತು ಎಂದೆ. ಮತ್ತೆ ಕೆಲಸಕ್ಕೆ ಬರಬೇಕೆಂದೆ.

"ನನ್ನ ಕೆಲಸ ಹೋತು, ಅದು ಇರ್ಲಿ ಸರ್. ಆ ಮಂದಿಗೆ ನಾ ಏನ್ ಹೇಳಿದ್ದೆ ಗೊತ್ತೈತೇನ್ರಿ? ನಿಮ್ಮ ಮಾತು ದೊಡ್ಡ ಬ್ಯಾಂಕಿನ ಮಟಾ ಹೋಗ್ತೈತಿ, ನಂಬಿ ಹೇಳ್ರಿ ಅಂದಿದ್ದೆ. ಎಮ್ಮಿ ಮಾರತೀವಿ ಅಂತ ಅಕ್ಕಾತಾಯಿ ಕಾಕು ಅಳಕೋತ ಹೇಳಿದ್ಲು. ನೀವು ಅದಕ್ಕ ಕಾಟು ಹೊಡದ್ರಿ. ಈಗ ಮತ್ತ ಏನ್ ಮಾರಿ ಹೊತ್ತು ಹೋಗ್ಲಿ ಆಕಿ ಮನಿಗೆ?"

ಗಾಳಿಗೆ ಕಣ್ಣಲ್ಲಿ ನೀರು ಬಂತು, ಗಾಳಿಯದೇ ಎಂದುಕೊಂಡೆ.

"ಬರ್ತೀನ್ರಿ" ಎಂದಳು ಕೊನೆಗೆ. "ಆದ್ರ ನೀವೂ ಬರಬೇಕು. ಕಾಟು ಹೊಡದದ್ದು ಆಕಿಗೆ ನೀವ ಹೇಳಬೇಕು."

ಕಾಗವಾಡ

ಬಂದ ಮೇಲೆ ಎರಡು ದಿನ ಮೊಣಕಾಲು ನೀವಿಕೊಂಡು, ಮೂರನೇ ದಿನ ಬೆಳಿಗ್ಗೆ ಮೋಟಾರ್ ಸೈಕಲ್ ತೆಗೆದೆ. ಮಹಾದೇವಿ ಊರ ಅಗಸಿ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ಅಕ್ಕಾತಾಯಿಯದು ದ್ರಾಕ್ಷಿ ತೋಟದ ಅಂಚಿನ ಮನೆ, ಹೊಲದ ಆಚೆ ಮನೂಕದ ಶೆಡ್ಡು. ಅರವತ್ತರ ಹೆಂಗಸು, ಕಾಸಿನಗಲ ಕುಂಕುಮ. "ಬರ್ರಿ, ಬರ್ರಿ ಸರ್" ಎಂದು ಒಳಗೆ ದೇವರ ಜಗಲಿಯ ಮುಂದೆ ಚಾಪೆ ಹಾಕಿದಳು.

ಚಹಾ ಬಂತು. ಹಾಲಿಲ್ಲದ ಕರಿ ಚಹಾ. ಎಮ್ಮೆ ಮಾರಿ ಆಗಿದೆ ಎಂದು ಕಪ್ಪು ನೋಡಿದಾಗಲೇ ತಿಳಿಯಿತು. ಒಂದು ಗುಟುಕು ಕುಡಿದು ಬದಿಗಿಟ್ಟು, ಹೇಳಬೇಕಾದ್ದನ್ನು ಹೇಳಿದೆ. ನೀವು ಹೊರಗೆ ಹೇಳಿದ್ದನ್ನು ಮಹಾದೇವಿ ಬರೆದಿದ್ದಳು, ನಾನು ಕಾಟು ಹೊಡೆದೆ, ತಪ್ಪು ಅವಳದಲ್ಲ, ನನ್ನದು ಎಂದೆ. ಅಕ್ಕಾತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಹೋಗ್ಲಿ ಬಿಡ್ರಿ ಸರ್. ಚಹಾ ಕುಡೀರಿ, ಆರತೈತಿ."

ಫಾರ್ಮು ತೆಗೆದು ನಾನೇ ಕೇಳಿದೆ. ಬರುವ ಮೂರು ತಿಂಗಳು ಹೇಗಿರಬಹುದು?

"ಛಲೋ ಇರತೈತ್ರಿ. ದೇವರದಾನ."

'ಉತ್ತಮ' ಎಂದು ಗುರುತು ಹಾಕಿ ಎದ್ದೆ. ಹೊಸ್ತಿಲು ದಾಟಿ ಅಂಗಳದಲ್ಲಿ ನಿಂತು, ಇಲ್ಲದ ನೆವ ಮಾಡಿ ಬೂಟಿನ ದಾರ ಬಿಚ್ಚಿ ಕಟ್ಟಿದೆ. ಇನ್ನೊಮ್ಮೆ ಬಿಚ್ಚಿ ಕಟ್ಟಿದೆ. ಅಕ್ಕಾತಾಯಿ ಕಂಬ ಹಿಡಿದು ನಿಂತು ನೋಡುತ್ತಿದ್ದಳು.

"ಏನಾರ ಹೇಳೂದೈತೇನ್ರಿ ಕಾಕು?" ಎಂದು ನಾಚಿಕೆ ಬಿಟ್ಟು ಕೇಳಿದೆ.

"ಏನಿಲ್ರಿ ಸರ್, ಎಲ್ಲಾ ಆರಾಮ ಐತಿ" ಎಂದಳು. "ನೀವು ಪರದೇಶಕ್ಕ ಹೋಗಿ ಬಂದೀರಂತ. ಛಲೋ ಆತು."

ನಾನು ಗಾಡಿಯ ಕಡೆ ನಡೆದೆ. ಹಿಂದಿರುಗಿ ನೋಡಿದಾಗ ಅವಳು ಮಹಾದೇವಿಯ ಮುಂಗೈ ಹಿಡಿದುಕೊಂಡಿದ್ದಳು. ಮಾತು ಕೇಳಿಸುತ್ತಿರಲಿಲ್ಲ. ಮಹಾದೇವಿ ತಲೆ ತಗ್ಗಿಸಿ ಕೇಳುತ್ತಿದ್ದಳು, ನಡುವೆ ಒಮ್ಮೆ ಆ ಹೆಂಗಸಿನ ಬೆನ್ನು ಸವರಿದಳು. ಬಹಳ ಹೊತ್ತಾದ ಮೇಲೆ ನನ್ನ ಹತ್ತಿರ ಬಂದು ಪೆನ್ಸಿಲ್ ತೆಗೆದಳು.

"ಏನಂದ್ಲು?" ಎಂದೆ.

"ನಿಮಗ ಹೇಳು ಅಂದಿಲ್ರಿ ಸರ್. ಬರಕೋ ಅಂದಾಳ."

ಫಾರ್ಮನ್ನು ಗಾಡಿಯ ಸೀಟಿನ ಮೇಲಿಟ್ಟು ಅಂಚಿನಲ್ಲಿ ಬರೆಯತೊಡಗಿದಳು. ತೋಟದ ಕಡೆಯಿಂದ ಗಾಳಿ ಬೀಸಿ ಕಾಗದ ಏಳುತ್ತಿತ್ತು. ನಾನು ಅದರ ಎರಡು ತುದಿಗಳನ್ನು ಎರಡು ಕೈಯಿಂದ ಒತ್ತಿ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಅವಳು ಬರೆದು ಮುಗಿಸುವ ತನಕ ನಿಂತೆ.